ಬಾಲ್ಕನಿ ಮೆಟ್ಟಿಲ ಜೋಲಿಗಳು

ಗೇಟಮ್ಮನ ಎಡ ಹೆಗಲು ಬಲ ಹೆಗಲಿಗಿಂತ ತುಸು ತಗ್ಗಾಗಿತ್ತು. ಸೀರೆ ಯಾವ ಬಣ್ಣದ್ದೇ ಆಗಿರಲಿ, ಆ ಹೆಗಲ ಮೇಲೆ ಅಂಗೈಯಗಲದ ಬಿಳಿ ಕಲೆಯೊಂದು ಒಣಗಿ ಅಂಟಿಕೊಂಡಿರುತ್ತಿತ್ತು. ಅದು ಊರವರ ಮಕ್ಕಳೆಲ್ಲ ಕಕ್ಕಿದ ಹಾಲಿನ ಕಲೆ. ಬಲಗೈಯಲ್ಲಿ ಟಾರ್ಚು, ಎಡ ಹೆಗಲ ಮೇಲೆ ಯಾರದ್ದೋ ಮಗು, ಬಾಯಲ್ಲಿ ಎಲೆ ಅಡಿಕೆ. ಮಗುವಿಲ್ಲದೆ ಅವರು ಬಸ್‌ಸ್ಟಾಪಿನಲ್ಲಿ ನಿಂತಿದ್ದರೆ ನಾವು ಗುರುತು ಸಿಗದೆ ಮುಂದೆ ಹೋಗಿಬಿಡುತ್ತಿದ್ದೆವು. ಆಗ ಹಿಂದಿನಿಂದ ಅವರೇ ಕೂಗುತ್ತಿದ್ದರು, "ಏನವ್ವ, ನಿನ್ನ ಎತ್ತಾಡಿಸಿದ ಭುಜ ಇದು. ಕಣ್ಣಿಗ್ ಕಾಣಾಕಿಲ್ವಾ?"

ನಮ್ಮದು ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸ್. ಬಾಗಲಗುಂಟೆಯ ಕಡೆ ಹೊರಳುವಲ್ಲಿ ಒಂದು ಟಾಕೀಸಿತ್ತು. ಮುಂದೆ ಅದಕ್ಕೆ ಎಸಿ ಬಂತು, ಹೊಸ ಸೌಂಡು ಬಂತು, ಬೋರ್ಡಿನ ಮೇಲೆ ಥಿಯೇಟರ್ ಎಂಬ ಹೆಸರೂ ಬಂತು. ನಮ್ಮ ಹೆಂಗಸರ ಬಾಯಲ್ಲಿ ಮಾತ್ರ ಅದು ಟಾಕೀಸಾಗಿಯೇ ಉಳಿಯಿತು. ಗೇಟಮ್ಮ ಅಲ್ಲಿ ಬಾಲ್ಕನಿಯ ಬಾಗಿಲು ಕಾಯುತ್ತಿದ್ದರು, ಟಿಕೆಟ್ ಹರಿಯುತ್ತಿದ್ದರು, ಕತ್ತಲಲ್ಲಿ ಸೀಟು ತೋರಿಸುತ್ತಿದ್ದರು. ಗಂಡ ಅದೇ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಟಾಕೀಸಿನ ಯಜಮಾನರು ಕರೆದು ಈ ಕೆಲಸ ಕೊಟ್ಟರು. ಗೇಟಮ್ಮ ಹೆಸರಘಟ್ಟದ ಆಚೆಯ ಹಳ್ಳಿಯವರು. ಬೆಂಗಳೂರಿನಲ್ಲಿ ಅಷ್ಟು ಕಾಲ ಬಾಳಿದರೂ ಅವರ ಪಾಲಿಗೆ ಹೀರೋ ಕಡೆಯವರೆಗೂ 'ಈರೋ' ಆಗಿಯೇ ಇದ್ದ.

ಮಂಗಳವಾರದ ಮ್ಯಾಟ್ನಿ ಹೆಂಗಸರದ್ದು. ಹಾಗೆಂದು ಯಾರೂ ಬೋರ್ಡು ಹಾಕಿರಲಿಲ್ಲ. ಸೋಮವಾರ ಉಪವಾಸ, ಬುಧವಾರ ನಲ್ಲಿಯಲ್ಲಿ ನೀರು ಬರುವ ದಿನ, ಗುರುವಾರ ಮಠ, ಶುಕ್ರವಾರ ಪೂಜೆ, ಶನಿವಾರ ಮಕ್ಕಳು ಮಧ್ಯಾಹ್ನಕ್ಕೇ ಮನೆಗೆ, ಭಾನುವಾರ ಗಂಡ ಮನೆಯಲ್ಲಿ. ಎಲ್ಲರೂ ಹಂಚಿಕೊಂಡ ಮೇಲೆ ಉಳಿದದ್ದು ಅದೊಂದೇ. ಮಂಗಳವಾರವೂ ದೇವಿಯ ವಾರವೇ, ನಿಜ. ಆದರೆ ದೇವಿಯೂ ಹೆಣ್ಣಲ್ಲವೆ, ಬೆಳಿಗ್ಗೆಯೇ ದೀಪ ಹಚ್ಚಿಸಿಕೊಂಡು ಮಧ್ಯಾಹ್ನವನ್ನು ಬಿಟ್ಟುಕೊಡುತ್ತಿದ್ದಳು.

ಹೆಂಗಸರು ಬಂದರೆ ಕಂಕುಳಲ್ಲಿ ಮಕ್ಕಳೂ ಬರಬೇಕು. ಕತ್ತಲೆ, ಸದ್ದು, ಸೆಕೆ. ಒಂದು ಮಗು ಶುರು ಮಾಡಿತೆಂದರೆ ಕೆಳಗಿನಿಂದ ಗಂಡಸರ ದನಿ ಏಳುತ್ತಿತ್ತು, "ಯಾರ್ರೀ ಅದು, ಮಗೂನ ಆಚೆ ಕರ್ಕೊಂಡ್ ಹೋಗಿ!" ತಾಯಿ ಅಪರಾಧಿಯ ಹಾಗೆ ಏಳುತ್ತಿದ್ದಳು. ವಾರವೆಲ್ಲ ಕಾದ ಸಿನಿಮಾ ಅವಳಿಗೆ ಅಲ್ಲಿಗೆ ಮುಗಿಯಿತು. ಗೇಟಮ್ಮನಿಗೆ ಇದನ್ನು ನೋಡಲಾಗುತ್ತಿರಲಿಲ್ಲ. ಟಾರ್ಚಿನ ಬೆಳಕು ಸಾಲಿನೊಳಗೆ ನುಗ್ಗಿ ಬರುತ್ತಿತ್ತು, ಅದರ ಹಿಂದೆಯೇ ಎರಡು ಕೈ.

"ಕೊಡವ್ವ ಇತ್ತ. ನೀನ್ ಕೂತ್ಕಂಡ್ ನೋಡು."

ಬಾಲ್ಕನಿ ಮೆಟ್ಟಿಲ ಕೆಳಗೆ ಅಡ್ಡಡ್ಡ ಕಬ್ಬಿಣದ ಸರಳುಗಳಿದ್ದವು. ಅವಕ್ಕೆ ಹಳೇ ಸೀರೆ ಕಟ್ಟಿ ಜೋಲಿ ಮಾಡಿದ್ದರು. ಒಂದನ್ನು ಕೈಯಲ್ಲಿ ತೂಗಿ, ಇನ್ನೊಂದನ್ನು ಕಾಲಲ್ಲಿ ತಳ್ಳಿ, ಮತ್ತೊಂದು ಮಗುವನ್ನು ಹೆಗಲಿಗೆ ಹಾಕಿಕೊಂಡು ಅವರು ಸಿನಿಮಾ ಮುಗಿಯುವವರೆಗೆ ಅಲ್ಲೇ. ಇದಕ್ಕೆ ಯಾರೂ ಸಂಬಳ ಕೊಡಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. "ಆಲಿಗ್ ಅಳೋ ಮಗ ಬ್ಯಾರೆ, ಬ್ಯಾಸರಕ್ ಅಳೋ ಮಗ ಬ್ಯಾರೆ. ಆಲಿಗಾದ್ರೆ ತಾಯಿ ಕರೀತೀನಿ, ಇಲ್ಲಾಂದ್ರೆ ಕರೆಯಾಕಿಲ್ಲ," ಎನ್ನುವುದು ಅವರ ಕಾನೂನು.

ಇಷ್ಟೆಲ್ಲ ಎಚ್ಚರವಿದ್ದವರಿಂದಲೂ ಒಮ್ಮೆ ಒಂದು ಎಡವಟ್ಟಾಯಿತು. ಅದರ ಒಂದು ತುದಿಯಲ್ಲಿ ಮಲಗಿದ್ದವಳು ನಾನೇ.

ಕಾರ್ಖಾನೆಯ ಸೊಸೈಟಿ ಅಂಗಡಿಗೆ ಆ ವರ್ಷ ಹಳದಿ ಫ್ಲಾನಲ್ ಬಟ್ಟೆ ಬಂದಿತ್ತಂತೆ. ಕ್ವಾರ್ಟರ್ಸಿನ ಮಕ್ಕಳಿಗೆಲ್ಲ ಅದೇ ಅಂಗಿ, ಅದೇ ಕುಲಾವಿ. ಅವತ್ತಿನ ಸಿನಿಮಾ ಭಾರೀ ಅಳುವಿನದು. ಅಮ್ಮ ಕಣ್ಣೊರೆಸಿಕೊಳ್ಳುತ್ತ ಹೊರಬಂದವಳು ಗೇಟಮ್ಮ ಕೊಟ್ಟ ಹಳದಿ ಗಂಟನ್ನು ಎತ್ತಿಕೊಂಡು, ಹೀರೋಯಿನ್ನಿನ ಕಷ್ಟವನ್ನೇ ಯೋಚಿಸುತ್ತ ಬಸ್‌ಸ್ಟಾಪಿನವರೆಗೂ ಹೋಗಿದ್ದಾಳೆ. ಅಲ್ಲಿ ಅವಳಿಗೆ ಅನುಮಾನ ಬಂದದ್ದು ಮುಖ ನೋಡಿ ಅಲ್ಲ. "ಇಷ್ಟು ಹೊತ್ತಾದರೂ ಕಿರುಚಿಲ್ಲವಲ್ಲ, ಇದು ನಮ್ಮದಲ್ಲ," ಅಂದುಕೊಂಡಳಂತೆ. ತಿರುಗಿ ಓಡಿ ಬಂದರೆ ನಾನು ಜೋಲಿಯಲ್ಲಿ ಟಾಕೀಸೇ ಹಾರಿಹೋಗುವಂತೆ ಬೊಬ್ಬೆ ಹಾಕುತ್ತಿದ್ದೆ. ಇನ್ನೊಬ್ಬ ತಾಯಿ ತನ್ನ ಮಗುವನ್ನು ಜೋಲಿ ಜೋಲಿಯಲ್ಲೂ ಹುಡುಕುತ್ತಿದ್ದಳು.

ಅಮ್ಮ ಇವತ್ತಿಗೂ ಈ ಕಥೆಯನ್ನು ಹೇಳುವಾಗ ನಾಚುವುದಿಲ್ಲ. "ಹಾಗಿತ್ತು ನೋಡು ಆ ಸಿನಿಮಾ," ಎಂದು ಮುಗಿಸುತ್ತಾಳೆ. ಗೇಟಮ್ಮ ಮಾತ್ರ ಮಾರನೇ ವಾರದಿಂದಲೇ ಹೊಸ ಪದ್ಧತಿ ತಂದರು. ತಾಯಿಯ ಟಿಕೆಟ್ಟನ್ನು ಹರಿದು ಒಂದು ಚೂರನ್ನು ದಾರದಲ್ಲಿ ಮಗುವಿನ ಕಾಲಿಗೆ ಕಟ್ಟುವುದು, ಇನ್ನೊಂದು ಚೂರು ತಾಯಿಯ ಕೈಗೆ. ಹೊರಬಂದಾಗ ಎರಡು ಚೂರೂ ಕೂಡಬೇಕು. ಕೂಡದಿದ್ದರೆ ಹೆತ್ತವಳೇ ಆದರೂ ಮಗು ಸಿಗುತ್ತಿರಲಿಲ್ಲ.

ಹೀಗೆ ಮಕ್ಕಳನ್ನು ಕಾಯುತ್ತ ಕಾಯುತ್ತ ಗೇಟಮ್ಮ ಒಂದೇ ಒಂದು ಕ್ಲೈಮ್ಯಾಕ್ಸನ್ನೂ ನೋಡಿರಲಿಲ್ಲ. ಮಕ್ಕಳು ಕೆರಳುವುದು ಕೊನೆಯ ಹೊತ್ತಿಗೇ. ಉಳಿದ ದಿನ ಆ ಹೊತ್ತಿಗೆ ಅವರು ಮುಂದಿನ ಆಟದ ಸಾಲು ನಿಲ್ಲಿಸುತ್ತಿದ್ದರು. ಬಾಗಿಲ ಸಂದಿಯಿಂದ ಬರುವ ಗುದ್ದು, ಗುಂಡು, ಅಳು, ಚಪ್ಪಾಳೆ ಕೇಳಿಸಿಕೊಂಡು ತಾವೇ ಒಂದು ಕೊನೆ ಕಟ್ಟಿ ಮಕ್ಕಳಿಗೆ ಹೇಳುತ್ತಿದ್ದರು. ಅವರ ಕೊನೆಗಳಲ್ಲಿ ವಿಲನ್ ಸಾಯುತ್ತಿರಲಿಲ್ಲ. ಅವನ ತಾಯಿ ಬಂದು ಕಪಾಳಕ್ಕೆ ಎರಡು ಬಿಟ್ಟು ಮನೆಗೆ ಕರೆದೊಯ್ಯುತ್ತಿದ್ದಳು. ಈರೋನ ಕೈಯಲ್ಲಿ ಬಟ್ಟೆ ಒಗೆಸುವವರೆಗೂ ಹುಡುಗಿ ಮದುವೆಗೆ ಒಪ್ಪುತ್ತಿರಲಿಲ್ಲ. ನಾನು ಸ್ವಲ್ಪ ದೊಡ್ಡವಳಾಗಿ ಒಳಗೆ ಕೂತು ನಿಜವಾದ ಕ್ಲೈಮ್ಯಾಕ್ಸ್ ನೋಡಿದಾಗ ಮೋಸ ಹೋದಂತಾಗಿತ್ತು. ಇಷ್ಟೇನಾ?

ಆಮೇಲೆ ಆ ರೋಗ ಬಂತು, ಎಲ್ಲ ಮುಚ್ಚಿತು. ನಾನಾಗ ಯಶವಂತಪುರದ ಗಂಡನ ಮನೆಯಿಂದ ಹೆರಿಗೆಗೆಂದು ಅಮ್ಮನ ಮನೆಗೆ ಬಂದಿದ್ದೆ. ಮಗಳು ಹುಟ್ಟಿದಳು. ಹೊರಗೆ ಕಾಲಿಡುವ ಹಾಗಿಲ್ಲ. ಟಾಕೀಸಿನ ಗೇಟಿಗೆ ಸರಪಳಿ ಬಿತ್ತು. ಬಿಡುಗಡೆಯಾಗಬೇಕಿದ್ದ ಸಿನಿಮಾಗಳು ನೆಟ್ಟಗೆ ಫೋನಿಗೇ ಬಂದಿಳಿದವು. ಅಪ್ಪ ಗೋಡೆಯಗಲದ ಟಿವಿ ತರಿಸಿ, ಕಾಲು ಚಾಚಿ, "ಇನ್ ಯಾವನಿಗ್ರೀ ಬೇಕು ಟಾಕೀಸು? ಮನೇನೇ ಟಾಕೀಸು!" ಎಂದು ಸಾರಿದರು.

ಅಪ್ಪನಿಗೆ ಹೌದು. ಅಮ್ಮನಿಗೆ? ಅವಳು ಕೂತು ಹೆಸರು ಬೀಳುವಷ್ಟರಲ್ಲಿ ಕುಕ್ಕರ್ ಕೂಗುತ್ತಿತ್ತು. ನಾಯಕಿ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕೂಗುತ್ತಿದ್ದರು.

"ಅದನ್ನ ನಿಲ್ಸಿ ಒಂದ್ ಲೋಟ ಕಾಫಿ ಕೊಡೇ. ಎಲ್ಲಿಗ್ ಓಡಿ ಹೋಗತ್ತೆ ಅದು?"

ಎಲ್ಲಿಗೂ ಓಡಿ ಹೋಗುತ್ತಿರಲಿಲ್ಲ, ಅದೇ ಕರ್ಮ. ನಿಲ್ಲಿಸಬಹುದಾದ ಸಿನಿಮಾವನ್ನು ಎಲ್ಲರೂ ನಿಲ್ಲಿಸಿದರು. ಸೋಮವಾರ ಶುರುವಾದ ಸಿನಿಮಾ ಅಮ್ಮನಿಗೆ ಗುರುವಾರ ಮುಗಿಯುತ್ತಿತ್ತು, ಅಷ್ಟರಲ್ಲಿ ಯಾರು ಯಾರ ತಂಗಿ ಎಂಬುದೇ ಮರೆತಿರುತ್ತಿತ್ತು. ನಾನಂತೂ ಮಗುವಿಗೆ ಹಾಲು ಕೊಡುತ್ತ ಫೋನನ್ನು ದಿಂಬಿಗೆ ಒರಗಿಸಿಕೊಂಡು ನೋಡಿದ್ದರಲ್ಲಿ ಒಂದಾದರೂ ಪೂರ್ತಿ ನೋಡಿದ ನೆನಪಿಲ್ಲ. ಅಮ್ಮನ ಮಂಗಳವಾರ ಏನಾಗಿತ್ತು ಎಂದು ನನಗೆ ಆಗ ಅರ್ಥವಾಯಿತು. ಕಾಫಿ ಕೊಡು ಎಂದು ಯಾರೂ ಕೇಳಲಾಗದ ಒಂದೇ ಜಾಗ ಅವಳಿಗೆ ಆ ಕತ್ತಲೆಯಾಗಿತ್ತು.

ಸರಪಳಿ ತೆಗೆದ ಮೇಲೂ ಜನ ಬರಲಿಲ್ಲ. ಮೊದಲು ಒಂದು ಸೀಟು ಬಿಟ್ಟು ಒಂದು ಸೀಟು ಎಂದರು. ಆಮೇಲೆ ಎಲ್ಲ ಸೀಟೂ ಬಿಟ್ಟುಕೊಟ್ಟರು, ಕೂರುವವರೇ ಇಲ್ಲ. ದೊಡ್ಡ ಸ್ಟಾರಿನ ಸಿನಿಮಾ ಬಂದರೆ ಮೊದಲ ಎರಡು ದಿನ ಪಟಾಕಿ, ಹಾರ, ಹಾಲಿನ ಅಭಿಷೇಕ. ಮೂರನೇ ದಿನ ಬಾಲ್ಕನಿಯಲ್ಲಿ ಗೇಟಮ್ಮ ಮತ್ತು ಎಸಿಯ ಗಾಳಿ. "ನಾಲ್ಕು ವಾರ ಕಾದ್ರೆ ಫೋನಿಗೇ ಬರತ್ತೆ ಕಣೇ," ಎಂದು ನನ್ನ ಗಂಡನೂ ಅಂದ, ಎಲ್ಲರ ಗಂಡಂದಿರೂ ಅಂದರು. ಮಂಗಳವಾರದ ಮ್ಯಾಟ್ನಿ ನಿಂತೇಹೋಯಿತು. ಹೌಸ್‌ಫುಲ್ ಬೋರ್ಡನ್ನು ನೀರಿನ ಸಂಪಿಗೆ ಮುಚ್ಚಳ ಮಾಡಿದರು.

ಯಜಮಾನರು ಕೆಟ್ಟವರಲ್ಲ. ಮುಚ್ಚಿದ ಕಾಲದಲ್ಲೂ ಯಾರನ್ನೂ ಕೆಲಸದಿಂದ ತೆಗೆದಿರಲಿಲ್ಲ. ಆದರೆ ಖಾಲಿ ಕುರ್ಚಿಗಳಿಗೆ ಎಷ್ಟು ದಿನ ಸಿನಿಮಾ ತೋರಿಸಿಯಾರು? ಒಂದು ದಿನ ಎಲ್ಲರನ್ನೂ ಕರೆದು, ಆಷಾಢ ಕಳೆಯುತ್ತಲೇ ಇದನ್ನು ಕೆಡವಿ ಮದುವೆ ಛತ್ರ ಕಟ್ಟುವುದಾಗಿ ಹೇಳಿದರು. ಮುಂದಿನದನ್ನು ಗೇಟಮ್ಮ, ನಾನು ಮಗಳೊಂದಿಗೆ ತವರಿಗೆ ಬಂದಿದ್ದ ದಿನ, ನಮ್ಮ ಮನೆಯ ಹೊಸ್ತಿಲಲ್ಲಿ ಕೂತು ಅಭಿನಯಿಸಿಯೇ ತೋರಿಸಿದರು.

"ಒಂದ್ ಮಂಗಳವಾರ ಕೊಡಿ ಸಾಮಿ, ಬಾಲ್ಕನಿ ತುಂಬಿಸ್ತೀನಿ ಅಂದೆ. ತುಂಬ್ಲಿಲ್ಲ ಅಂದ್ರೆ? ಅಂತ ಅವ್ರು ಕೇಳಿದ್ರು. ತುಂಬ್ಲಿಲ್ಲ ಅಂದ್ರೆ ನಿಮ್ ಛತ್ರದ ಬಾಗ್ಲಲ್ಲಿ ನಿಂತ್ಕಂಡು ನಾನೇ ಪನ್ನೀರು ಎರಚ್ತೀನಿ ಅಂದೆ."

"ತುಂಬಿದ್ರೆ?" ಎಂದಳು ಅಮ್ಮ.

"ಛತ್ರದ ಮಾತು ಎತ್ತಾಕಿಲ್ವಂತೆ. ಆಣೆ ಇಟ್ಟವ್ರೆ."

ಹೇಳುತ್ತಲೇ ಅವರು ಚೀಲದಿಂದ ಕುಂಕುಮದ ಬಟ್ಟಲು ತೆಗೆದರು. ನಮ್ಮ ಕಡೆ ಮನೆಯಲ್ಲಿ ಶುಭಕಾರ್ಯವಿದ್ದರೆ ಹೆಂಗಸರು ಮನೆಮನೆಗೆ ಹೋಗಿ ಹಣೆಗೆ ಕುಂಕುಮ ಇಟ್ಟು ಕರೆಯುತ್ತಾರೆ. ಕುಂಕುಮ ಇಟ್ಟು ಕರೆದರೆ ಹೋಗದಿರುವ ಹಾಗಿಲ್ಲ, ಕಳಿಸುವುದಿಲ್ಲ ಎಂದು ಗಂಡಸರು ಅನ್ನುವ ಹಾಗಂತೂ ಇಲ್ಲವೇ ಇಲ್ಲ. ಗೇಟಮ್ಮ ಅಮ್ಮನ ಹಣೆಗೂ ನನ್ನ ಹಣೆಗೂ ಇಟ್ಟು, "ಬರೋ ಮಂಗಳವಾರ ಮ್ಯಾಟ್ನಿಗೆ ಬರ್ಬೇಕು. ಮಗೀನೂ ಕರ್ಕಂಡ್ ಬಾ," ಎಂದರು.

ಅಪ್ಪ ಪೇಪರಿನ ಹಿಂದಿನಿಂದ ತಲೆ ಎತ್ತಿದರು. "ಏನಮ್ಮಾ ಇದು, ಸಿನಿಮಾಗೆಲ್ಲ ಕುಂಕುಮ ಇಟ್ಟು ಕರೆಯೋದು ಎಲ್ಲಾದ್ರೂ ಉಂಟಾ?"

"ನಿಮ್ಮುನ್ ಕರ್ದಿಲ್ಲ ಬಿಡಿ ಸಾರ್. ನೀವು ಮನೆ ನೋಡ್ಕಳಿ."

"ಯಾವ ಸಿನಿಮಾ?"

ಸಿನಿಮಾದ ಹೆಸರು ಹೇಳಿದರು. ಅಪ್ಪ ಗೆದ್ದವರ ಹಾಗೆ ನಕ್ಕರು. "ಅದು ಫೋನಿಗೆ ಬಂದು ಆಯ್ತಲ್ಲ! ಇವ್ಳು ನೋಡಿದಾಳೆ."

ಅಮ್ಮ ನಿಧಾನವಾಗಿ ಅಪ್ಪನ ಕಡೆ ತಿರುಗಿದಳು. "ಎಲ್ಲಿ ನೋಡಿದೀನಿ? ಅರ್ಧ ನೀವೇ ನಿಲ್ಸಿದ್ರಿ."

ಅಪ್ಪ ಪೇಪರಿನೊಳಕ್ಕೆ ವಾಪಸಾದರು. ಗೇಟಮ್ಮ ನಗುತ್ತ ಎದ್ದರು. "ಕೇಳ್ತಾ ಔರೆ ನೋಡಿ ಎಲ್ಲಾ ಮನೇಲೂ, ನೋಡಿರೋ ಸಿನಿಮಾ ಅಂತ. ಯಾರವ್ವ ನೋಡಿರೋದು? ಒಲೆ ಮುಂದೆ ನಿಂತ್ಕಂಡು ಕೇಳ್ಸ್ಕಂಡಿರೋದು. ನನ್ ಅಂಗೆ." ಆ ಮಾತು ನನಗೆ ಚುರುಕ್ ಎಂದಿತು.

ಪಕ್ಕದ ಮನೆಯ ಆಂಟಿ ಎರಡನೇ ಅಲೆಯಲ್ಲಿ ಗಂಡನನ್ನು ಕಳೆದುಕೊಂಡಿದ್ದರು. ಆಮೇಲೆ ಹೊಸ್ತಿಲು ದಾಟಿದವರಲ್ಲ. ಗೇಟಮ್ಮ ಬಟ್ಟಲು ಹಿಡಿದು ಅಲ್ಲಿಗೂ ಹೋದರು. ಹಿಂದೆಯೇ ಹೋದ ನಾನು ಬಾಗಿಲಲ್ಲೇ ನಿಂತೆ. ಆಂಟಿ ಗಾಬರಿಯಿಂದ ಹಿಂದೆ ಸರಿದು, "ನಂಗೆ ಇಡಬಾರ್ದು ಗೇಟಮ್ಮ," ಎಂದರು.

"ನಾನೂ ಗಂಡ ಸತ್ತೋಳೇ ಕಣವ್ವ. ಇಷ್ಟಗಲ ಇಟ್ಕಂಡಿಲ್ವಾ? ಟಾಕೀಸಿನ ಕುಂಕುಮಕ್ಕೆ ಆ ಶಾಸ್ತ್ರ ಎಲ್ಲಾ ಇಲ್ಲ. ಬಾ."

ಆಂಟಿ ಸೆರಗಿನಿಂದ ಹಣೆ ಒರೆಸಿಕೊಂಡು ಮುಂದೆ ಮಾಡಿದರು.

ಹೀಗೆ ಕ್ವಾರ್ಟರ್ಸ್ ಆಯಿತು, ಬಾಗಲಗುಂಟೆಯ ಗಲ್ಲಿಗಳಾದವು, ಯಶವಂತಪುರದಲ್ಲಿ ನನ್ನ ಅತ್ತೆಯ ಮನೆಯವರೆಗೂ ಹೋದರು. ಮುಸ್ಲಿಮರ ಮನೆಗಳಿಗೆ ಕುಂಕುಮದ ಬದಲು ಮಲ್ಲಿಗೆ ಹೂವು. ಒಂದು ಮನೆಯ ಅಜ್ಜಿ ಬಾಗಿಲಲ್ಲೇ ತಬ್ಬಿಕೊಂಡು, ತನ್ನ ಮೂರೂ ಮಕ್ಕಳು ಅವರ ಜೋಲಿಯಲ್ಲಿ ಮಲಗಿದವರೇ ಎಂದು ಸೊಸೆಯಂದಿರಿಗೆ ತೋರಿಸಿದರಂತೆ. ಗೇಟಮ್ಮ ಕರೆಯಲು ಹೋದದ್ದು ಎಲ್ಲರ ಮನೆಗಲ್ಲ. ತಾವು ತೂಗಿದ ಮಕ್ಕಳು ಹುಟ್ಟಿದ, ಸೇರಿದ ಮನೆಗಳಿಗೆ ಮಾತ್ರ. ಅದೇ ಒಂದು ಊರಾಗಿತ್ತು.

ಆ ಮಂಗಳವಾರ ನಾನೂ ಅಮ್ಮನೂ ಮಗಳನ್ನೆತ್ತಿಕೊಂಡು ಆಟೋದಿಂದ ಇಳಿದೆವು. ಮುಂದೆ ಯಾರೂ ಇಲ್ಲದಿದ್ದರೆ ಗೇಟಮ್ಮನ ಮುಖ ಹೇಗೆ ನೋಡುವುದು? ತಿರುವು ದಾಟಿದೆವು. ರಸ್ತೆಯ ತುಂಬ ಸೀರೆಗಳು, ಚೂಡಿದಾರಗಳು, ಬುರ್ಖಾಗಳು. ಅಜ್ಜಿಯರು, ಸೊಸೆಯರು, ಕಂಕುಳಲ್ಲಿ ಮಕ್ಕಳು. ಹೆಂಗಸರ ಸಾಲು ಕೌಂಟರಿನಿಂದ ಹೊರಟು ಸೈಕಲ್ ಸ್ಟ್ಯಾಂಡ್ ಸುತ್ತಿ ಗೇಟಿನ ಆಚೆಗೆ ಹೋಗಿತ್ತು. ಎಷ್ಟೋ ಹಣೆಗಳ ಮೇಲೆ ಕುಂಕುಮ. ಪಕ್ಕದ ಮನೆ ಆಂಟಿ ಸಾಲಿನಲ್ಲಿ ನಮಗಿಂತ ಮುಂದಿದ್ದರು!

ಬಾಲ್ಕನಿ ತುಂಬಿತು. ಕೆಳಗೂ ತುಂಬಿತು. ಕ್ಯಾಂಟೀನಿನವನು ಈ ಜನವನ್ನು ನೋಡಿ ಬೋಂಡಾ ಕರಿಯುವುದನ್ನೇ ಮರೆತು ನಿಂತಿದ್ದ. ಯಜಮಾನರು ಮೆಟ್ಟಿಲ ಮೇಲೆ ನಿಂತು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಯಾರಿಗೂ ಹೇಳದೆ ಹಿತ್ತಲಿಗೆ ಹೋದರು. ವಾಪಸು ಬರುವಾಗ ಅವರ ಕೈಯಲ್ಲಿ ಸಂಪಿನ ಮೇಲಿದ್ದ ಬೋರ್ಡು. ಪಾಚಿ ಹಿಡಿದಿತ್ತು. ತಮ್ಮ ಬಿಳಿ ಪಂಚೆಯ ಚುಂಗಿನಿಂದಲೇ ಒರೆಸಿ, ತಾವೇ ಎತ್ತಿ ಗೇಟಿಗೆ ನೇತುಹಾಕಿದರು. ಹೆಂಗಸರು ಶಿಳ್ಳೆ ಹೊಡೆದರು. ಹೌದು, ಶಿಳ್ಳೆ. ನಮ್ಮಮ್ಮನಿಗೆ ಶಿಳ್ಳೆ ಬರುತ್ತದೆಂದು ನನಗೆ ಅವತ್ತೇ ಗೊತ್ತಾಗಿದ್ದು.

ಗೇಟಮ್ಮನಿಗೆ ಇದ್ಯಾವುದನ್ನೂ ನೋಡಲು ಪುರುಸೊತ್ತಿರಲಿಲ್ಲ. ಮೆಟ್ಟಿಲ ಕೆಳಗೆ ಜೋಲಿ ಕಟ್ಟುತ್ತಿದ್ದರು. ನನ್ನ ಮಗಳು ಓಡಾಡುವ ವಯಸ್ಸಿನವಳು, ಆದರೂ ಅವಳ ಕಾಲಿಗೊಂದು ಟಿಕೆಟ್ ಚೂರು ಕಟ್ಟಿದರು. ನಾನು ಅವರ ಕೈಯಿಂದ ದಾರದುಂಡೆ ಕಿತ್ತುಕೊಂಡೆ.

"ಇವತ್ತು ನೀವು ಒಳಗೆ. ಮಕ್ಕಳನ್ನ ನಾನು ನೋಡ್ಕೋತೀನಿ."

"ಉಚ್ಚು ಕಣವ್ವ ನಿಂಗೆ. ನಂಗ್ಯಾಕೆ?"

ನಾಲ್ಕು ಅಜ್ಜಿಯರು ಸೇರಿ ಅವರನ್ನು ಹೆಚ್ಚುಕಮ್ಮಿ ಹೊತ್ತುಕೊಂಡೇ ಒಳಗೆ ಹೋದರು. ಬಾಲ್ಕನಿಯ ನಡುಸಾಲಿನಲ್ಲಿ, ಅಮ್ಮ ಮತ್ತು ಪಕ್ಕದ ಮನೆ ಆಂಟಿಯ ನಡುವೆ ಕೂರಿಸಿದರು. ಆಂಟಿ ಯಾರೂ ಅಳದ ಒಂದು ಹಾಸ್ಯದ ದೃಶ್ಯದಲ್ಲಿ ಬಿಕ್ಕಿ ಬಿಕ್ಕಿ ಅತ್ತರಂತೆ. ಕತ್ತಲಲ್ಲಿ ಯಾರೂ ಯಾಕೆ ಎಂದು ಕೇಳಲಿಲ್ಲ. ಗೇಟಮ್ಮ ಸುಮ್ಮನೆ ಅವರ ಕೈ ಹಿಡಿದುಕೊಂಡಿದ್ದರಂತೆ.

ನಾನು ಹೊರಗೆ ಜೋಲಿ ತೂಗುತ್ತಿದ್ದೆ. ಇಂಟರ್ವಲ್ ಕಳೆದು, ಗುದ್ದು ಗುಂಡಿನ ಸದ್ದು ಜೋರಾಗಿ, ಇನ್ನೇನು ಕ್ಲೈಮ್ಯಾಕ್ಸ್ ಅನ್ನುವಾಗ ಒಳಗೆ ಒಂದು ಕೂಸು ಕಿಟಾರನೆ ಕಿರುಚಿತು. ಬಾಗಿಲು ತೆರೆಯಿತು. ಗೇಟಮ್ಮ! ಹೆಗಲ ಮೇಲೆ ಮಗು. ನನಗೆ ಅಳುವೇ ಬಂತು. ಈ ಸಲವೂ ತಪ್ಪಿತೇ ಇವರಿಗೆ?

ಅವರು ಮಗುವನ್ನು ನನ್ನ ಹೆಗಲಿಗೆ ದಾಟಿಸಿದರು. "ಇಡ್ಕೋ. ಬ್ಯಾಸರಕ್ ಅಳ್ತೈತೆ, ಆಲಿಗಲ್ಲ. ನಾನ್ ಸಿನಿಮಾ ನೋಡ್ತಾ ಇವ್ನಿ," ಎಂದವರೇ ತಿರುಗಿ ಒಳಗೆ ಓಡಿದರು. ಆ ವಯಸ್ಸಿನವರು ಹಾಗೆ ಓಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಟ ಬಿಟ್ಟಾಗ ಯಜಮಾನರು ಬಾಗಿಲಲ್ಲೇ ಕಾದಿದ್ದರು. "ಹೆಂಗಿತ್ತಮ್ಮ ಕ್ಲೈಮ್ಯಾಕ್ಸು?"

ಗೇಟಮ್ಮ ಸೆರಗು ಸರಿಮಾಡಿಕೊಂಡು ಗಂಭೀರವಾಗಿ ಹೇಳಿದರು, "ಚೆನ್ನಾಗಿಲ್ಲ ಬಿಡಿ ಸಾಮಿ. ನಾನ್ ಮಕ್ಳಿಗ್ ಏಳೋ ಕತೇನೇ ವಾಸಿ."

ಯಜಮಾನರು ನಕ್ಕ ನಗು ರಸ್ತೆಗೆ ಕೇಳಿಸಿತು. ಛತ್ರದ ಮಾತು ಆಮೇಲೆ ಏಳಲಿಲ್ಲ. ಉಳಿದ ದಿನಗಳು ಈಗಲೂ ಏರುಪೇರೇ, ಆದರೆ ಮಂಗಳವಾರದ ಮ್ಯಾಟ್ನಿಗೆ ಮುಂಚೆ ಬಂದವರಿಗೆ ಮಾತ್ರ ಸೀಟು. ಹೊಸದೇ ಆಗಲಿ, ಫೋನಿನಲ್ಲಿ ಹಳತಾದದ್ದೇ ಆಗಲಿ, ನಮಗೆ ಭೇದವಿಲ್ಲ. ನಾವು ಹೋಗುವುದು ನಿಲ್ಲಿಸಲಾಗದ ಸಿನಿಮಾ ನೋಡಲು.

ಗೇಟಮ್ಮ ಹೋದ ವರ್ಷ ತೀರಿಕೊಂಡರು. ಬುಧವಾರ ಬೆಳಿಗ್ಗೆ, ನಿದ್ದೆಯಲ್ಲೇ. ಮಂಗಳವಾರ ಹೋಗುವವರೇ ಅಲ್ಲ ಬಿಡಿ. ಮುಂದಿನ ಮಂಗಳವಾರ ಆಟ ನಿಲ್ಲಿಸೋಣವೇ ಎಂದು ಯಜಮಾನರು ಕೇಳಿದರು. ನಾವು ಬೇಡ ಎಂದೆವು. ನಿಲ್ಲಿಸುವುದು ಅವರಿಗೆ ಆಗದ ಮಾತು.

ಈಗ ಜೋಲಿಯ ಪಾಳಿ ನಮ್ಮದು. ವಾರಕ್ಕೊಬ್ಬಳು. ನಿನ್ನೆ ನನ್ನ ಸರದಿಯಿತ್ತು. ಬಾಗಿಲ ಸಂದಿಯಿಂದ ಗುದ್ದಾಟ ಕೇಳಿಸುತ್ತಿತ್ತು. ಹೆಗಲ ಮೇಲಿನ ಮಗುವಿಗೆ ನಾನು ವಿಲನ್ನಿನ ತಾಯಿ ಬಂದಳು, ಕಪಾಳಕ್ಕೆ ಬಿಟ್ಟಳು ಎಂದು ಹೇಳುತ್ತಿದ್ದೆ. ಅದು ಆಲಿಸುತ್ತ ಆಲಿಸುತ್ತ ನನ್ನ ಸೀರೆಯ ಮೇಲೆ ಬೆಚ್ಚಗೆ ಕಕ್ಕಿತು. ನನಗೆ ಒರೆಸಿಕೊಳ್ಳಬೇಕು ಅನ್ನಿಸಲಿಲ್ಲ.

ಆಟ ಬಿಟ್ಟಿತು. ಎಲ್ಲರಿಗಿಂತ ಮೊದಲು ಒಬ್ಬ ಚಿಕ್ಕ ವಯಸ್ಸಿನ ತಾಯಿ ಹೊರಬಂದಳು, ಹೊಸಬಳು, ಆಫೀಸಿಗೆ ರಜೆ ಹಾಕಿ ಬಂದವಳಂತೆ. ಕಣ್ಣು ಕೆಂಪಾಗಿತ್ತು. ಇನ್ನೂ ಆ ಕಥೆಯೊಳಗೇ ಇದ್ದಳು. ನೇರ ಬಂದು, ಹತ್ತಿರದ ಜೋಲಿಯಿಂದ ಮಗುವೊಂದನ್ನು ಎತ್ತಿ ಎದೆಗೊತ್ತಿಕೊಂಡು ಹೊರಟೇಬಿಟ್ಟಳು. ಅದು ಅವಳದಾಗಿರಲಿಲ್ಲ. ಅವಳದು ನನ್ನ ಹೆಗಲ ಮೇಲಿತ್ತು.

ನನಗೆ ಆದ ಸಂತೋಷ ಹೇಳತೀರದು. ಮೆಟ್ಟಿಲೆಲ್ಲ ಕೇಳಿಸುವ ಹಾಗೆ ಕೂಗಿದೆ, "ಏನವ್ವ, ನಿಂತ್ಕೋ! ಟಿಕೆಟ್ ಚೂರು ತೋರ್ಸು ಮೊದ್ಲು!"